ಹಳೆ ಕಂಪ್ಯೂಟರಿಗೆ ಯಾವ ಓಎಸ್? ಮೊದಲು ಕೆಲಸ ನೋಡಿ, ಆಮೇಲೆ ಪ್ರಿಂಟರ್ ನೋಡಿ

ಓಎಸ್ ಎಂದರೆ ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್; ವಿಂಡೋಸ್, ಲಿನಕ್ಸ್ ಎರಡೂ ಅಂಥವೇ. 2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಮೇಲೆ ಹುಬ್ಬಳ್ಳಿಯ ಯಾವ ಕಂಪ್ಯೂಟರ್ ಅಂಗಡಿಗೆ ಹೋದರೂ ಸಿಗುವ ಸಲಹೆ ಎರಡೇ ನಮೂನೆ. ‘ಹಳೇದು ಬಿಡ್ರಿ, ಹೊಸಾದು ತಗೋರಿ’ ಎನ್ನುವುದು ಒಂದು. ‘ಹನ್ನೊಂದು ಹಾಕಿ ಕೊಡ್ತೀವಿ, ಸಂಜಿಕ್ ಬರ್ರಿ’ ಎನ್ನುವುದು ಇನ್ನೊಂದು; ಹನ್ನೊಂದು ಎಂದರೆ ವಿಂಡೋಸ್ 11. ಮನೆಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗನಿದ್ದರೆ ಮೂರನೆಯದೂ ಬರುತ್ತದೆ: ‘ಲಿನಕ್ಸ್ ಹಾಕೋಣು, ಪುಕ್ಕಟ ಐತಿ.’ ಮೂರೂ ಸರಿ ಇರಬಹುದು, ಮೂರೂ ತಪ್ಪಾಗಬಹುದು. ಆ ಯಂತ್ರದಲ್ಲಿ ನಡೆಯುವ ಕೆಲಸ ಏನು, ಅದರ ಹಿಂದೆ ಏನೇನು ಚುಚ್ಚಿದ್ದೀರಿ ಎಂದು ಕೇಳದೆ ಓಎಸ್ ಹೇಳುವವರ ಮಾತು ಕೇಳಬೇಡಿ.

ಒಂದು ಹಾಳೆಯಲ್ಲಿ ಬರೆಯಿರಿ

ಒಂದು ವಾರದಲ್ಲಿ ಆ ಕಂಪ್ಯೂಟರಿನಲ್ಲಿ ತೆರೆಯುವ ಪ್ರತಿಯೊಂದು ಸಾಫ್ಟ್‌ವೇರ್ ಹೆಸರು ಬರೆಯಿರಿ. ಪಕ್ಕದಲ್ಲಿ ಯುಎಸ್‌ಬಿಗೆ ಹಾಕುವ ಸಾಧನಗಳನ್ನೂ ಬರೆಯಿರಿ: ಪ್ರಿಂಟರ್, ಸ್ಕ್ಯಾನರ್, ಡಿಜಿಟಲ್ ಸಹಿಯ ಟೋಕನ್ (ಸಹಿಯನ್ನು ಒಳಗಿಟ್ಟುಕೊಂಡ ಪೆನ್‌ಡ್ರೈವಿನಂಥ ಸಾಧನ), ಬೆರಳ ಗುರುತು ಓದುವ ಸಾಧನ, ಬಾರ್‌ಕೋಡ್ ಓದುವ ಯಂತ್ರ. ಬ್ರೌಸರಿನಲ್ಲಿ ಆಗುವ ಕೆಲಸಗಳನ್ನು ಗೀಟು ಹೊಡೆದು ತೆಗೆಯಿರಿ. ಇಮೇಲ್, ಯೂಟ್ಯೂಬ್, ಬ್ಯಾಂಕಿನ ಜಾಲತಾಣ, ವಾಟ್ಸಾಪ್ ವೆಬ್ ಇವೆಲ್ಲ ಎಲ್ಲಿ ಬೇಕಾದರೂ ನಡೆಯುತ್ತವೆ. ಉಳಿದದ್ದೇ ನಿಮ್ಮ ಓಎಸ್ ಯಾವುದೆಂದು ಹೇಳುತ್ತದೆ.

ದಾಜಿಬಾನ ಪೇಟೆಯ ಬಟ್ಟೆ ಅಂಗಡಿಯಲ್ಲಾಗಲಿ ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಾಗಲಿ ಹಾಳೆಯಲ್ಲಿ ಉಳಿಯುವ ಹೆಸರು ಟ್ಯಾಲಿ. ಟ್ಯಾಲಿಪ್ರೈಮ್ ವಿಂಡೋಸಿಗೆ ಮಾಡಿದ ಸಾಫ್ಟ್‌ವೇರ್. ಲಿನಕ್ಸಿನಲ್ಲಿ ವೈನ್ ಎಂಬ ಸಾಧನ ಹಾಕಿ ಓಡಿಸುವ ದಾರಿ ಇದೆ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ವ್ಯಾಪಾರದ ಲೆಕ್ಕದ ಮೇಲೆ ಪ್ರಯೋಗ ಬೇಡ. ಟೆಂಡರ್ ಹಾಕುವ, ರಿಟರ್ನ್ ಸಲ್ಲಿಸುವ ಡಿಜಿಟಲ್ ಸಹಿಯ ಟೋಕನ್ ಇದ್ದರೂ ಇದೇ ಮಾತು. ಲಿನಕ್ಸಿಗೆ ಡ್ರೈವರ್ (ಸಾಧನವನ್ನು ಓಎಸ್‌ಗೆ ಪರಿಚಯಿಸುವ ಸಾಫ್ಟ್‌ವೇರ್) ಸಿಗುವ ಟೋಕನ್‌ಗಳಿವೆ, ಆದರೆ ಕೊನೆಯ ದಿನದ ಸಂಜೆ ಸಹಿ ಬೀಳದಿದ್ದರೆ ನೆರವಿಗೆ ಬರುವವರು ಊರಲ್ಲಿ ಸಿಗುವುದು ವಿಂಡೋಸಿಗೆ ಮಾತ್ರ.

ಗದಗಿನ ಮುದ್ರಣಾಲಯಗಳದು ಇನ್ನೂ ಬಿಗಿಯಾದ ಗಂಟು. ಪುಟ ಕಟ್ಟುವ ಪೇಜ್‌ಮೇಕರ್, ಚಿತ್ರ ಬಿಡಿಸುವ ಕೋರೆಲ್‌ಡ್ರಾ, ಕನ್ನಡ ಬರೆಯುವ ನುಡಿ, ಶ್ರೀಲಿಪಿ ಈ ನಾಲ್ಕರಲ್ಲಿ ಎರಡಿದ್ದರೂ ವಿಂಡೋಸ್ ಬಿಡುವ ಹಾಗಿಲ್ಲ. ಅಷ್ಟೇ ಅಲ್ಲ, ಹಳೆಯ ಪೇಜ್‌ಮೇಕರ್ ಹೊಸ ವಿಂಡೋಸಿನಲ್ಲಿ ಹಟ ಮಾಡಿದರೆ ಆ ಹಳೆ ಯಂತ್ರವನ್ನು ಇಂಟರ್‌ನೆಟ್‌ನಿಂದ ಪೂರ್ತಿ ಬಿಡಿಸಿ, ಪುಟ ಕಟ್ಟುವುದಕ್ಕೆ ಮಾತ್ರ ಇಟ್ಟುಕೊಳ್ಳುವುದು ಮರ್ಯಾದಸ್ಥ ದಾರಿ. ಕಡತ ಒಯ್ಯುವ ಪೆನ್‌ಡ್ರೈವನ್ನು ಪ್ರತಿಸಲ ಇನ್ನೊಂದು ಯಂತ್ರದಲ್ಲಿ ಸ್ಕ್ಯಾನ್ ಮಾಡಿ.

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾ ಪರೀಕ್ಷೆಗೆ ಓದುವವರಿಗೆ ಬೇಕಾಗುವುದು ಪಿಡಿಎಫ್, ವಿಡಿಯೊ, ಅರ್ಜಿ ನಮೂನೆ ಅಷ್ಟೇ. ಅಣ್ಣನಿಂದ ಬಂದ ಹಳೆ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡರೆ ಅವರ ರೊಕ್ಕ ಉಳಿಯುತ್ತದೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಎರಡು ಪಂಗಡ. ಕಂಪ್ಯೂಟರ್ ಸೈನ್ಸಿನವರಿಗೆ ಲಿನಕ್ಸ್ ಒಳ್ಳೆಯದೇ. ಮೆಕ್ಯಾನಿಕಲ್, ಸಿವಿಲ್‌ನವರಿಗೆ ಸಾಲಿಡ್‌ವರ್ಕ್ಸ್, ಆಟೋಕ್ಯಾಡ್ ಬೇಕು, ಹಾಗಾಗಿ ವಿಂಡೋಸ್. ಎರಡೂ ಬೇಕೆನ್ನುವವರು ವಿಂಡೋಸ್ 11ರಲ್ಲಿ ಡಬ್ಲ್ಯುಎಸ್‌ಎಲ್ ಎಂಬ ಮೈಕ್ರೋಸಾಫ್ಟಿನದೇ ಸೌಲಭ್ಯ ಹಾಕಿಕೊಂಡರೆ ಒಳಗೇ ಉಬುಂಟು ಎಂಬ ಲಿನಕ್ಸ್ ಓಡುತ್ತದೆ. ಒಂದು ಎಚ್ಚರಿಕೆ: ಆನ್‌ಲೈನ್ ಪರೀಕ್ಷೆಗೆ ಬಳಸುವ ಸೇಫ್ ಎಕ್ಸಾಮ್ ಬ್ರೌಸರ್ ಲಿನಕ್ಸಿಗೆ ಇಲ್ಲ. ಕಾಲೇಜು ಅದನ್ನು ಬಳಸುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಯಂತ್ರದ ನಾಡಿ ಹಿಡಿಯುವುದು

ಓಎಸ್ ನಿಧಾನ ಎಂದು ಬಯ್ಯುವ ಮುಂಚೆ ಒಳಗಿನ ಹಾರ್ಡ್‌ಡಿಸ್ಕ್ ನೋಡಿ. ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಯಾವ ಓಎಸ್ ಹಾಕಿದರೂ ಅದು ತೆವಳುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಭಾಗಕ್ಕೆ ಹೋಗಿ. ಡಿಸ್ಕ್ ಪಕ್ಕ ಎಚ್‌ಡಿಡಿ ಎಂದು ಕಂಡು, ಬಳಕೆ ಸುಮ್ಮಸುಮ್ಮನೆ 100 ಪ್ರತಿಶತ ತೋರಿಸುತ್ತಿದ್ದರೆ ರೋಗ ಅಲ್ಲೇ ಇದೆ. ತಿರುಗುವ ಭಾಗವಿಲ್ಲದ ವೇಗದ ಡಿಸ್ಕಿಗೆ ಎಸ್‌ಎಸ್‌ಡಿ ಎನ್ನುತ್ತಾರೆ. 256 ಜಿಬಿಯ ಎಸ್‌ಎಸ್‌ಡಿ ಮನೆ ಬಳಕೆಗೆ, ಟ್ಯಾಲಿಗೆ ಸಾಕು. ಸುಮಾರು ಹತ್ತು ವರ್ಷ ಹಳೆಯ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಎರಡೂವರೆ ಇಂಚಿನ ಸಾಟಾ (ಡಿಸ್ಕ್ ಜೋಡಿಸುವ ಒಂದು ಬಗೆ) ಜಾಗ ಇರುತ್ತದೆ. ಹೊಸವುಗಳಲ್ಲಿ ಎಂ.2 ಎಂಬ ಸಣ್ಣ ಪಟ್ಟಿಯಾಕಾರದ ಜಾಗ ಇರುತ್ತದೆ, ಆದರೆ ಎಂ.2 ಆಕಾರದಲ್ಲೇ ಸಾಟಾ, ಎನ್‌ವಿಎಂಇ ಎಂದು ಎರಡು ಬಗೆ. ಮಾಡೆಲ್ ನಂಬರ್ ಹಿಡಿದು ಕೇಳದೆ ಕೊಳ್ಳಬೇಡಿ. ರ್‍ಯಾಮ್ ವಿಷಯದಲ್ಲೂ ಡಿಡಿಆರ್3, ಡಿಡಿಆರ್4 ಎಂಬ ಎರಡು ತಲೆಮಾರಿನವು ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಡಿಡಿಆರ್3 ಕಾಲದ ಅನೇಕ ಲ್ಯಾಪ್‌ಟಾಪುಗಳಿಗೆ 1.35 ವೋಲ್ಟಿನ ಡಿಡಿಆರ್3ಎಲ್ ಬೇಕಾಗುತ್ತದೆ, 1.5 ವೋಲ್ಟಿನದು ಹಾಕಿದರೆ ಎಷ್ಟೋ ಯಂತ್ರಗಳು ಏಳುವುದೇ ಇಲ್ಲ.

ಹಳೆ ಡಿಸ್ಕನ್ನೇ ಇಟ್ಟುಕೊಳ್ಳುವವರು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಧನದಿಂದ ಅದರ ಆರೋಗ್ಯ ನೋಡಲಿ. ನೀಲಿ ಇದ್ದರೆ ಸರಿ. ಹಳದಿ ಬಣ್ಣದಲ್ಲಿ ‘ಕಾಷನ್’ ಎಂದರೆ ಅಂದೇ ಬ್ಯಾಕಪ್ ತೆಗೆಯಿರಿ, ಆ ಡಿಸ್ಕಿಗೆ ಹೊಸ ಓಎಸ್ ಹಾಕುವ ಶ್ರಮ ವ್ಯರ್ಥ. ಹಳೆ ಡೆಸ್ಕ್‌ಟಾಪಿನಲ್ಲಿ ‘ಯಾವ ವೆಬ್‌ಸೈಟೂ ತೆರೆಯುತ್ತಿಲ್ಲ, ಸುರಕ್ಷಿತ ಅಲ್ಲ ಅನ್ನುತ್ತದೆ’ ಎಂಬ ದೂರಿದ್ದರೆ ಗಡಿಯಾರ ನೋಡಿ. ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತು ತಾರೀಖು ಹಿಂದಕ್ಕೆ ಹೋಗಿರುತ್ತದೆ. ಸಣ್ಣ ಸೆಲ್ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಓಎಸ್ ಬದಲಿಸಿದವರು ಕಡಿಮೆ ಇಲ್ಲ.

ವಿಂಡೋಸ್ 11: ಕಾಗದದ ಮೇಲೆ ಒಂದು, ಮೇಜಿನ ಮೇಲೆ ಇನ್ನೊಂದು

ಅಧಿಕೃತ ಕನಿಷ್ಠ ಅಗತ್ಯ 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಯುಇಎಫ್‌ಐ (ಓಎಸ್‌ಗಿಂತ ಮೊದಲು ಏಳುವ, ರೂಢಿಯಲ್ಲಿ ಬಯಾಸ್ ಎನ್ನುವ ಭಾಗ), ಸೆಕ್ಯೂರ್ ಬೂಟ್ (ನಂಬಿಕೆಗೆ ಸಲ್ಲದ ಓಎಸ್ ಏಳದಂತೆ ತಡೆಯುವ ವ್ಯವಸ್ಥೆ), ಟಿಪಿಎಂ 2.0 (ಗುಪ್ತ ಕೀಲಿಗಳನ್ನು ಕಾಯುವ ಭದ್ರತಾ ವ್ಯವಸ್ಥೆ). ಪ್ರೊಸೆಸರ್ ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಮೇಲೆ, ಎಎಂಡಿ ಆದರೆ ರೈಜೆನ್ 2000 ಸರಣಿಯಿಂದ ಮೇಲೆ. ಇಂಟೆಲ್ ಕೋರ್‌ನಲ್ಲಿ ಐ5-7200ಯು ಎಂದಿದ್ದರೆ 7 ಎಂಬುದೇ ತಲೆಮಾರು, ಐ5-8250ಯು ಎಂದಿದ್ದರೆ 8. ಮೈಕ್ರೋಸಾಫ್ಟಿನ ಪಿಸಿ ಹೆಲ್ತ್ ಚೆಕ್ ಓಡಿಸಿದರೆ ಅದೇ ಹೇಳುತ್ತದೆ. ಟಿಪಿಎಂ ಇಲ್ಲ ಎಂದು ಬಂದರೂ ಗಾಬರಿ ಬೇಡ. ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪುಗಳಲ್ಲಿ ಅದು ಬಯಾಸ್‌ನಲ್ಲಿ ಆಫ್ ಆಗಿರುವುದು ಸಾಮಾನ್ಯ. ಇಂಟೆಲ್ ಬೋರ್ಡುಗಳಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಇರುತ್ತದೆ, ಆನ್ ಮಾಡಿ ನೋಡಿ.

4 ಜಿಬಿಯಲ್ಲಿ ಹನ್ನೊಂದು ಏಳುತ್ತದೆ, ಆದರೆ ಕ್ರೋಮಿನಲ್ಲಿ ನಾಲ್ಕು ಟ್ಯಾಬ್ ತೆರೆದಾಗ ಸುಸ್ತಾಗುತ್ತದೆ. 8 ಜಿಬಿ ಮತ್ತು ಎಸ್‌ಎಸ್‌ಡಿ ಇಲ್ಲದೆ ಅದನ್ನು ಹಾಕಿಸುವುದು ಬೇಡ.

ಅರ್ಹತೆ ಇಲ್ಲದ ಯಂತ್ರಕ್ಕೂ ರೂಫಸ್ (ಪೆನ್‌ಡ್ರೈವಿಗೆ ಓಎಸ್ ಬರೆಯುವ ಸಾಧನ) ಬಳಸಿ ಟಿಪಿಎಂ ತಪಾಸಣೆ ತಪ್ಪಿಸಿ ಹನ್ನೊಂದು ಹಾಕುತ್ತಾರೆ. ಅದು ಓಡುತ್ತದೆ, ಸುಳ್ಳಲ್ಲ. ಆದರೆ ಅಪ್‌ಡೇಟ್ ಬರುತ್ತದೆಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಯನ್ನು ಮತ್ತೆ ಕೈಯಾರೆ ಹಾಕಬೇಕಾಗಬಹುದು. ಕೋರ್ 2 ಡ್ಯುಯೊ ಕಾಲದ ಯಂತ್ರಗಳಲ್ಲಂತೂ 24ಎಚ್2 ಆವೃತ್ತಿಯಿಂದ ಮುಂದಿನವು ಬೂಟ್ ಆಗುವುದೇ ಇಲ್ಲ, ಪ್ರೊಸೆಸರಿನಲ್ಲಿ ಬೇಕಾದ ಆಜ್ಞೆಗಳೇ ಇಲ್ಲ. ಮನೆಯ ಯಂತ್ರಕ್ಕೆ ಆದೀತು, ಗಲ್ಲೆಯ ಪಕ್ಕದ ಯಂತ್ರಕ್ಕೆ ಬೇಡ. ಅಂಥ ಅಂಗಡಿಯವರು ವಿಂಡೋಸ್ 10ರ ವಿಸ್ತರಿತ ಭದ್ರತಾ ಅಪ್‌ಡೇಟಿಗೆ ಹೆಸರು ಹಚ್ಚಿಕೊಂಡು 2026ರ ಅಕ್ಟೋಬರ್ 13ರವರೆಗೆ ದಾಟಿಸಿಕೊಳ್ಳಬಹುದು. ಅದಕ್ಕೆ ಆವೃತ್ತಿ 22ಎಚ್2 ಇರಬೇಕು, ಮೈಕ್ರೋಸಾಫ್ಟ್ ಖಾತೆ ಇರಬೇಕು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಕೊಂಡಿ ಸಿಗುತ್ತದೆ.

ಪರವಾನಗಿಯಲ್ಲಿ ಒಂದು ಮೋಸ ಬಹಳ ಜನರಿಗೆ ಗೊತ್ತಾಗುವುದಿಲ್ಲ. ನಿಮ್ಮ ಲ್ಯಾಪ್‌ಟಾಪ್ ವಿಂಡೋಸ್ 10 ಹೋಮ್ ಜತೆಗೇ ಬಂದಿದ್ದರೆ ಆ ಪರವಾನಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಫಾರ್ಮ್ಯಾಟ್ ಮಾಡಿ ಮತ್ತೆ ಹೋಮ್ ಆವೃತ್ತಿಯನ್ನೇ ಹಾಕಿ ಇಂಟರ್‌ನೆಟ್ ಕೊಟ್ಟರೆ ಅದು ತಾನಾಗಿಯೇ ಆಕ್ಟಿವೇಟ್ ಆಗುತ್ತದೆ. ಅಂಗಡಿಯ ಹುಡುಗ ರೂಢಿಯಂತೆ ಪ್ರೊ ಆವೃತ್ತಿ ಹಾಕಿ ಮೇಲೆ ಕ್ರ್ಯಾಕ್ ಓಡಿಸುತ್ತಾನೆ. ನೀವು ರೊಕ್ಕ ಕೊಟ್ಟು ಕೊಂಡ ಪರವಾನಗಿ ಒಳಗೆ ಮಲಗಿರುತ್ತದೆ, ಮೇಲೆ ಕಳ್ಳಮಾಲು ಕೂತಿರುತ್ತದೆ. ಕ್ರ್ಯಾಕ್ ಹಾಕುವಾಗ ಆಂಟಿವೈರಸ್ ಆಫ್ ಮಾಡುತ್ತಾರೆ, ಅನೇಕ ಸಲ ಮತ್ತೆ ಆನ್ ಮಾಡುವುದಿಲ್ಲ. ಬ್ಯಾಂಕಿನ ಪಾಸ್‌ವರ್ಡ್ ಒತ್ತುವುದು ಅದೇ ಕೀಲಿಮಣೆಯಲ್ಲಿ. ‘ಹೋಮ್ ಇತ್ತು, ಹೋಮ್‌ನ್ನೇ ಹಾಕ್ರಿ, ಕ್ರ್ಯಾಕ್ ಬ್ಯಾಡ’ ಎಂದು ಬಾಯಿ ಬಿಟ್ಟು ಹೇಳಿ.

ಟ್ಯಾಲಿ ಇರುವ ಯಂತ್ರ ಫಾರ್ಮ್ಯಾಟಿಗೆ ಹೋಗುವ ಮುಂಚೆ ಎರಡು ಕೆಲಸ. ಆಲ್ಟ್ ಮತ್ತು ವೈ ಒತ್ತಿ ಡೇಟಾ ಪಟ್ಟಿಯಿಂದ ಬ್ಯಾಕಪ್ ತೆಗೆದು ಹೊರಗಿನ ಡ್ರೈವಿಗೆ ಹಾಕಿ. ಆಮೇಲೆ ಸಹಾಯ ಪಟ್ಟಿಯ ಲೈಸೆನ್ಸ್ ಭಾಗದಲ್ಲಿ ಸರೆಂಡರ್ ಮಾಡಿ, ಅಂದರೆ ಪರವಾನಗಿಯನ್ನು ಆ ಯಂತ್ರದಿಂದ ಬಿಡಿಸಿ. ಸರೆಂಡರ್ ಮಾಡದೆ ಡಿಸ್ಕ್ ಅಳಿಸಿದರೆ ಹೊಸದರಲ್ಲಿ ಆಕ್ಟಿವೇಟ್ ಮಾಡುವಾಗ ಪರದಾಟ. ಡಿಜಿಟಲ್ ಸಹಿಯ ಚಿಂತೆ ಇಲ್ಲ, ಪ್ರಮಾಣಪತ್ರ ಟೋಕನ್ ಒಳಗೇ ಇರುತ್ತದೆ. ಡ್ರೈವರ್ ಮಾತ್ರ ಮತ್ತೆ ಹಾಕಬೇಕು. ಪಿನ್ ಮರೆತು ಮತ್ತೆ ಮತ್ತೆ ತಪ್ಪು ಒತ್ತಿದರೆ ಟೋಕನ್ ಬೀಗ ಹಾಕಿಕೊಳ್ಳುತ್ತದೆ ಎಂಬುದಷ್ಟೇ ನೆನಪಿರಲಿ.

ಲಿನಕ್ಸ್ ಹಾಕುವುದು

ಹೊಸಬರಿಗೆ ಲಿನಕ್ಸ್ ಮಿಂಟ್ ಸಾಕು. ಹತ್ತು ಬಗೆ ಹೋಲಿಸುತ್ತ ಕೂರುವುದು ಹವ್ಯಾಸಿಗಳ ಕೆಲಸ. ಮಿಂಟ್ 22ರ ಸರಣಿ ಉಬುಂಟು 24.04ರ ಮೇಲೆ ಕಟ್ಟಿದ್ದು, 2029ರ ಏಪ್ರಿಲ್‌ವರೆಗೆ ಭದ್ರತಾ ಅಪ್‌ಡೇಟ್ ಇದೆ. 4 ಜಿಬಿ ರ್‍ಯಾಮ್ ಇದ್ದರೆ ಎಕ್ಸ್‌ಎಫ್‌ಸಿಇ ಆವೃತ್ತಿ, 8 ಜಿಬಿ ಇದ್ದರೆ ಸಿನಮನ್. 2 ಜಿಬಿಯಲ್ಲೂ ಏಳುತ್ತದೆ, ಆದರೆ ಬ್ರೌಸರ್ ತೆರೆದ ಕೂಡಲೇ ಉಸಿರುಗಟ್ಟುತ್ತದೆ. ಇಂದಿನ ಜಾಲತಾಣಗಳ ಭಾರವನ್ನು ಓಎಸ್ ಇಳಿಸಲಾರದು.

ಮಿಂಟ್ ಹಾಕಲು ಇಳಿಸಿಕೊಳ್ಳುವ ಐಎಸ್‌ಒ ಕಡತ ಸುಮಾರು 3 ಜಿಬಿ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಇಳಿಸಿದರೆ ದಿನದ ಡೇಟಾ ಖಾಲಿ. ಇಳಿಸಿದ ಮೇಲೆ ತಾಣದಲ್ಲಿ ಕೊಟ್ಟಿರುವ ಎಸ್‌ಎಚ್‌ಎ256 (ಕಡತ ಸರಿಯಾಗಿ ಇಳಿದಿದೆಯೇ ಎಂದು ತಿಳಿಸುವ) ಸಂಖ್ಯೆಯೊಂದಿಗೆ ತಾಳೆ ನೋಡಿ, ಅರ್ಧಕ್ಕೆ ಕಡಿದ ಕಡತವೇ ಮುಂದೆ ‘ಇನ್‌ಸ್ಟಾಲ್ ಮಧ್ಯದಲ್ಲಿ ನಿಂತಿತು’ ಎಂಬ ದೂರಿಗೆ ಮುಖ್ಯ ಕಾರಣ. ಕಡತವನ್ನು ಬರೆಯಲು 8 ಜಿಬಿಯ ಪೆನ್‌ಡ್ರೈವ್, ರೂಫಸ್ ಅಥವಾ ಬಲೆನಾಎಚರ್ ಸಾಕು. ಪೆನ್‌ಡ್ರೈವಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ.

ಪೆನ್‌ಡ್ರೈವಿನಿಂದ ಎಬ್ಬಿಸಲು ಆನ್ ಮಾಡಿದ ಕೂಡಲೇ ಒತ್ತುವ ಬೂಟ್ ಪಟ್ಟಿಯ ಗುಂಡಿ ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಹಲವು ಮಾಡೆಲ್‌ಗಳಲ್ಲಿ ಅದನ್ನು ಮೊದಲು ಬಯಾಸ್‌ನಲ್ಲಿ ಆನ್ ಮಾಡಬೇಕು. ಪೆನ್‌ಡ್ರೈವಿನಿಂದ ಎದ್ದ ಮಿಂಟ್ ನಿಮ್ಮ ಡಿಸ್ಕನ್ನು ಮುಟ್ಟಿರುವುದಿಲ್ಲ. ಈ ಹಂತದಲ್ಲಿ ಅವಸರ ಮಾಡದೆ ಅರ್ಧ ತಾಸು ಕೂತು ವೈಫೈ, ಸದ್ದು, ಕ್ಯಾಮೆರಾ, ಟಚ್‌ಪ್ಯಾಡ್, ಬೆಳಕು ಹೆಚ್ಚುಕಡಿಮೆ ಮಾಡುವ ಗುಂಡಿ, ಮುಚ್ಚಿ ತೆರೆದರೆ ಎಚ್ಚರವಾಗುತ್ತದೆಯೇ, ಪ್ರಿಂಟರ್ ಒಂದು ಹಾಳೆ ಉಗುಳುತ್ತದೆಯೇ ಎಂದೆಲ್ಲ ನೋಡಿ. ಇಲ್ಲಿ ಆಗದ್ದು ಹಾಕಿದ ಮೇಲೂ ಹೆಚ್ಚಾಗಿ ತೊಂದರೆ ಕೊಡುತ್ತದೆ. ವೈಫೈ ಒಂದಕ್ಕೆ ವಿನಾಯಿತಿ: ಬ್ರಾಡ್‌ಕಾಮ್ ಚಿಪ್ ಇದ್ದರೆ ಫೋನನ್ನು ಯುಎಸ್‌ಬಿ ಟೆದರಿಂಗ್‌ನಲ್ಲಿ ಹಚ್ಚಿ, ಡ್ರೈವರ್ ಮ್ಯಾನೇಜರ್‌ನಿಂದ ಆಮೇಲೆ ಹಾಕಿಕೊಳ್ಳಬಹುದು.

ಹಾಕುವಾಗ ‘ಡಿಸ್ಕ್ ಅಳಿಸಿ ಮಿಂಟ್ ಹಾಕು’ ಎಂಬ ಆಯ್ಕೆ ಬರುತ್ತದೆ. ನಮ್ಮಲ್ಲಿ ಬಹಳ ಮಂದಿ ಸಿ ಡ್ರೈವ್ ಮಾತ್ರ ಹೋಗುತ್ತದೆ, ಡಿ ಡ್ರೈವಿನಲ್ಲಿ ಮದುವೆಯ ಫೋಟೊ ಭದ್ರ ಎಂದುಕೊಂಡಿರುತ್ತಾರೆ. ಸಿ, ಡಿ, ಇ ಮೂರೂ ಸಾಮಾನ್ಯವಾಗಿ ಒಂದೇ ಡಿಸ್ಕಿನ ಭಾಗಗಳು. ಆ ಆಯ್ಕೆ ಒತ್ತಿದರೆ ಮೂರೂ ಹೋಗುತ್ತವೆ. ಫೋಟೊ, ದಾಖಲೆ, ಬ್ರೌಸರಿನ ಪಾಸ್‌ವರ್ಡ್‌ಗಳನ್ನು ಹೊರಗಿನ ಡ್ರೈವಿಗೆ ಹಾಕಿ, ಬೇರೆ ಕಂಪ್ಯೂಟರಿನಲ್ಲಿ ನಾಲ್ಕು ಕಡತ ತೆರೆದು ನೋಡಿದ ಮೇಲೆ ಮುಂದುವರಿಯಿರಿ.

ವಿಂಡೋಸ್ ಪಕ್ಕದಲ್ಲೇ ಇಡುವುದಾದರೆ ಮೊದಲು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದ ಜಾಗ ಕುಗ್ಗಿಸಿ. 20 ಜಿಬಿಯಲ್ಲಿ ಮಿಂಟ್ ಕೂರುತ್ತದೆ, 100 ಜಿಬಿ ಕೊಟ್ಟರೆ ಮುಂದೆ ಒದ್ದಾಟ ಇಲ್ಲ. ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಅರೆನಿದ್ದೆಯಲ್ಲಿರುತ್ತದೆ, ಲಿನಕ್ಸಿನಿಂದ ಡಿ ಡ್ರೈವಿಗೆ ಬರೆಯಲು ಆಗುವುದಿಲ್ಲ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯೇ ನೋಡಿ, ಹೊಸ ಲ್ಯಾಪ್‌ಟಾಪುಗಳಲ್ಲಿ ಅದು ಕೇಳದೆಯೇ ಆನ್ ಆಗಿರುವುದುಂಟು. 48 ಅಂಕಿಗಳ ಮರುಪಡೆವ ಕೀಲಿಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು ಕಾಗದದಲ್ಲಿ ಬರೆದಿಡಿ. ಇಲ್ಲದಿದ್ದರೆ ಸೆಕ್ಯೂರ್ ಬೂಟ್ ಬದಲಿಸಿದ ಮರುಕ್ಷಣ ನೀಲಿ ಪರದೆ ಆ ಕೀಲಿ ಕೇಳುತ್ತದೆ.

ಇನ್‌ಸ್ಟಾಲರಿಗೆ ಡಿಸ್ಕೇ ಕಾಣದಿದ್ದರೆ ಬಯಾಸ್‌ನಲ್ಲಿ ಡಿಸ್ಕ್ ನಡೆಸುವ ಕ್ರಮ (ಸ್ಟೋರೇಜ್ ಮೋಡ್) ಆರ್‌ಎಸ್‌ಟಿ ಅಥವಾ ರೇಡ್ ಎಂದಿರುತ್ತದೆ, ಎಎಚ್‌ಸಿಐ ಮಾಡಬೇಕು. ವಿಂಡೋಸ್ ಉಳಿಸಿಕೊಳ್ಳುವವರು ಮೊದಲು ಅದನ್ನು ಸೇಫ್ ಮೋಡಿನಲ್ಲಿ ಏಳುವಂತೆ ಹೊಂದಿಸಿ, ಆಮೇಲೆ ಬಯಾಸ್ ಬದಲಿಸಿ, ಒಮ್ಮೆ ಸೇಫ್ ಮೋಡಿನಲ್ಲಿ ಎಬ್ಬಿಸಿ ಮಾಮೂಲಿಗೆ ತರಬೇಕು. ನೇರ ಬದಲಿಸಿದರೆ ವಿಂಡೋಸ್ ಏಳುವುದಿಲ್ಲ.

ಸೆಕ್ಯೂರ್ ಬೂಟ್ ಆನ್ ಇದ್ದು ಕೋಡೆಕ್ (ಹಾಡು, ವಿಡಿಯೊ ತೆರೆಯಲು ಬೇಕಾದ ಭಾಗ), ಡ್ರೈವರ್‌ಗಳಿಗೆ ಟಿಕ್ ಹಾಕಿದರೆ ಹೊಸದೊಂದು ಪಾಸ್‌ವರ್ಡ್ ಇಡಲು ಕೇಳುತ್ತದೆ. ಮರುಪ್ರಾರಂಭದಲ್ಲಿ ಬರುವ ನೀಲಿ ಪರದೆಯಲ್ಲಿ ‘ಎನ್ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಗಾಬರಿಯಾಗಿ ‘ಕಂಟಿನ್ಯೂ’ ಒತ್ತಿದರೆ ಎನ್‌ವಿಡಿಯಾ ಅಥವಾ ಬ್ರಾಡ್‌ಕಾಮ್ ಡ್ರೈವರ್ ಕೆಲಸ ಮಾಡುವುದಿಲ್ಲ, ಲಿನಕ್ಸಿಗೆ ಕೆಟ್ಟ ಹೆಸರು. ಇನ್ನು ಕರೆಂಟ್: ಡೆಸ್ಕ್‌ಟಾಪಿಗೆ ಯುಪಿಎಸ್ ಇಲ್ಲದಿದ್ದರೆ, ಲ್ಯಾಪ್‌ಟಾಪ್ ಬ್ಯಾಟರಿ ಸತ್ತಿದ್ದರೆ, ಮಳೆಗಾಲದ ಸಂಜೆ ಈ ಕೆಲಸಕ್ಕೆ ಕೂರಬೇಡಿ. ಪಾರ್ಟಿಷನ್ ಬರೆಯುವ ಹೊತ್ತಿಗೆ ಹೆಸ್ಕಾಂ ಲೈನ್ ಹೋದರೆ ಎರಡೂ ಓಎಸ್ ಹೋಗಬಹುದು.

ಎರಡೂ ಓಎಸ್ ಇರುವ ಯಂತ್ರದಲ್ಲಿ ವಿಂಡೋಸಿನ ಗಡಿಯಾರ ಐದೂವರೆ ತಾಸು ಹಿಂದೆ ಬೀಳುತ್ತದೆ. ಲಿನಕ್ಸ್ ಯಂತ್ರದ ಗಡಿಯಾರವನ್ನು ಯುಟಿಸಿಯಲ್ಲಿ (ಅಂತರರಾಷ್ಟ್ರೀಯ ಸಮಯದಲ್ಲಿ) ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಎಂದು ಓದುತ್ತದೆ. ಲಿನಕ್ಸಿನ ಟರ್ಮಿನಲ್‌ನಲ್ಲಿ timedatectl set-local-rtc 1 ಎಂಬ ಆಜ್ಞೆ ಕೊಟ್ಟರೆ ಸರಿಹೋಗುತ್ತದೆ. ಮೊದಲ ದಿನವೇ ಟೈಮ್‌ಶಿಫ್ಟ್ ಆನ್ ಮಾಡಿ, ಅಪ್‌ಡೇಟ್ ಏನಾದರೂ ಕೆಡಿಸಿದರೆ ಹಿಂದಿನ ಸ್ಥಿತಿಗೆ ಮರಳಬಹುದು.

ಕನ್ನಡ ಟೈಪಿಂಗ್

ವಿಂಡೋಸ್ 10, 11ರಲ್ಲಿ ಸೆಟ್ಟಿಂಗ್ಸ್‌ನ ಭಾಷೆಗಳ ಪುಟದಲ್ಲಿ ಕನ್ನಡ ಸೇರಿಸಿ, ಕೀಲಿಮಣೆಯಾಗಿ ಕನ್ನಡ ಫೊನೆಟಿಕ್ ಆರಿಸಿದರೆ ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರದಂತೆ ಒತ್ತಿ ಬರೆಯಬಹುದು. ಲಿನಕ್ಸಿನಲ್ಲಿ ಕೈಗೆ ನುಡಿಯ ರೂಢಿ ಇರುವವರು ಐಬಸ್ ಮತ್ತು ಎಂ17ಎನ್ ಎಂಬ ಟೈಪಿಂಗ್ ಪ್ಯಾಕೇಜ್ ಹಾಕಿ ಅದರಲ್ಲಿ ಕನ್ನಡ ಕೆಜಿಪಿ ಆರಿಸಲಿ; ಲಾಗೌಟ್ ಮಾಡಿ ಮತ್ತೆ ಒಳಬಂದರೆ ಮಾತ್ರ ಪಟ್ಟಿಯಲ್ಲಿ ಕಾಣುತ್ತದೆ. ಕೀಲಿಮಣೆ ಸೆಟ್ಟಿಂಗಿನ ಪಟ್ಟಿಯಲ್ಲೂ ಕಗಪ ಎಂಬುದೊಂದಿದೆ. ಅದು ಹಿಂದಿನ ವ್ಯಂಜನ ನೋಡಿ ಸ್ವರಚಿಹ್ನೆ ಕೂರಿಸುವುದಿಲ್ಲ, ನುಡಿಯ ಕೈಗೆ ಒಗ್ಗುವುದಿಲ್ಲ. ಇವೆರಡರ ನಡುವಿನ ವ್ಯತ್ಯಾಸ ತಿಳಿಯದೆ ‘ಲಿನಕ್ಸಿನಲ್ಲಿ ಕನ್ನಡ ಬರೆಯಲಾಗದು’ ಎಂದು ಬಿಟ್ಟವರು ಬಹಳ.

ಹಳೆಯ ನುಡಿ ಕಡತಗಳದು ಬೇರೆ ಕಥೆ. ನುಡಿ 01 ಇ ಮೊದಲಾದ ಫಾಂಟುಗಳಲ್ಲಿ ಬರೆದವು ಯುನಿಕೋಡ್ (ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ) ಅಲ್ಲ. ಫಾಂಟ್ ಇಲ್ಲದ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳ ಕಸದಂತೆ ಕಾಣುತ್ತವೆ. ಶಾಲೆ, ಪಂಚಾಯಿತಿ, ವಕೀಲರ ಕಚೇರಿಗಳಲ್ಲಿ ಇಂಥವು ರಾಶಿ ಇವೆ. ವಿಂಡೋಸ್ ಬಿಡುವ ಮುಂಚೆಯೇ ನುಡಿಯೊಳಗಿನ ಪರಿವರ್ತಕದಿಂದ ಯುನಿಕೋಡ್ ಮಾಡಿ. ಆದ ಮೇಲೆ ಅರ್ಕಾವತ್ತು ಇರುವ ಪದಗಳನ್ನು, ಅಂಕಿಗಳನ್ನು, ಮಧ್ಯೆ ಬರುವ ಇಂಗ್ಲಿಷ್ ಪದಗಳನ್ನು ಕಣ್ಣಾರೆ ನೋಡಿ; ಎಡವಟ್ಟಾಗುವುದು ಅಲ್ಲೇ. ಸರ್ವೆ ನಂಬರ್ ಇರುವ ಕಾಗದಗಳಲ್ಲಿ ಇದನ್ನು ಯಂತ್ರಕ್ಕೆ ಬಿಟ್ಟು ಸುಮ್ಮನಾಗಬೇಡಿ.

ಪ್ರಿಂಟರ್

ಜೆರಾಕ್ಸ್ ಅಂಗಡಿಗಳ ಅಚ್ಚುಮೆಚ್ಚಿನ ಕ್ಯಾನನ್ ಎಲ್‌ಬಿಪಿ 2900 ಲಿನಕ್ಸಿನಲ್ಲಿ ತಲೆನೋವು. ಅದು ಸಿಎಪಿಟಿ ಎಂಬ ಕ್ಯಾನನ್‌ನ ಸ್ವಂತ ಭಾಷೆ ಮಾತಾಡುತ್ತದೆ. ಎಚ್‌ಪಿ ಲೇಸರ್‌ಜೆಟ್ 1020 ನಡೆಯುತ್ತದೆ, ಆದರೆ ಎಚ್‌ಪಿಎಲ್‌ಐಪಿ ಎಂಬ ಲಿನಕ್ಸ್ ಡ್ರೈವರಿನ ಜತೆಗೆ ಎಚ್‌ಪಿಯ ಪ್ಲಗಿನ್ ಬೇರೆಯಾಗಿ ಹಾಕಬೇಕು. ಪ್ರಿಂಟರ್‌ನ ಫರ್ಮ್‌ವೇರ್ (ಅದನ್ನು ಒಳಗಿನಿಂದ ನಡೆಸುವ ಸಾಫ್ಟ್‌ವೇರ್) ಅದರಲ್ಲೇ ಇರುತ್ತದೆ, ಇಲ್ಲದಿದ್ದರೆ ಹಾಳೆ ಅಲುಗುವುದೂ ಇಲ್ಲ. ವೈಫೈ ಮೇಲೆ ಏರ್‌ಪ್ರಿಂಟ್ ಬೆಂಬಲಿಸುವ ಇತ್ತೀಚಿನ ಮಾಡೆಲ್‌ಗಳು ಸಾಮಾನ್ಯವಾಗಿ ಡ್ರೈವರ್ ಕೇಳದೆ ಕೆಲಸ ಮಾಡುತ್ತವೆ.

ಹೊಸದನ್ನೇ ಕೊಳ್ಳುವವರಿಗೆ

‘ಡಾಸ್’ ಎಂದು ಬರೆದ, ಅಂದರೆ ವಿಂಡೋಸ್ ಇಲ್ಲದ ಲ್ಯಾಪ್‌ಟಾಪ್ ಕಡಿಮೆ ಬೆಲೆಗೆ ಸಿಗುತ್ತದೆ. ಲಿನಕ್ಸ್ ಹಾಕುವವರಿಗೆ ಲಾಭ, ವಿಂಡೋಸ್ ಬೇಕಾದವರಿಗೆ ಪರವಾನಗಿಯ ಖರ್ಚು ಸೇರಿದರೆ ಉಳಿದದ್ದೇನಿಲ್ಲ. ಸ್ನ್ಯಾಪ್‌ಡ್ರ್ಯಾಗನ್ ಪ್ರೊಸೆಸರಿನ ವಿಂಡೋಸ್ ಲ್ಯಾಪ್‌ಟಾಪುಗಳು ಬ್ಯಾಟರಿಯಲ್ಲಿ ಜೋರು, ಆದರೆ ಹಳೆ ಪ್ರಿಂಟರ್, ಟೋಕನ್‌ಗಳ ಡ್ರೈವರ್ ಆರ್ಮ್‌ಗೆ (ಆ ಪ್ರೊಸೆಸರಿನ ಬಗೆಗೆ) ಇಲ್ಲದಿದ್ದರೆ ಅವು ಅಲ್ಲಿ ನಡೆಯುವುದಿಲ್ಲ. ಅಂಗಡಿಗೆ ಕೊಳ್ಳುವವರು ಇಂಟೆಲ್ ಅಥವಾ ಎಎಂಡಿ ನೋಡಿಕೊಳ್ಳಿ.

ಸೆಕೆಂಡ್ಸ್ ಮ್ಯಾಕ್‌ಬುಕ್ ಆಸೆ ಇದ್ದವರು 2020ರ ನವೆಂಬರಿನಲ್ಲಿ ಬಂದ ಎಂ1 ಅಥವಾ ಅದಕ್ಕಿಂತ ಹೊಸದನ್ನು ನೋಡಲಿ. ಇಂಟೆಲ್ ಮ್ಯಾಕ್‌ಗಳಿಗೆ ಮ್ಯಾಕ್‌ಓಎಸ್ ಟಾಹೊ ಕೊನೆಯದೆಂದು ಆ್ಯಪಲ್ ಹೇಳಿಯಾಗಿದೆ. ಮಾರುವವರು ಎದುರಿಗೇ ತಮ್ಮ ಆ್ಯಪಲ್ ಖಾತೆಯಿಂದ ಹೊರಬಂದು ಅಳಿಸಿ ಕೊಡಲಿ, ಇಲ್ಲದಿದ್ದರೆ ಹಳೆ ಮಾಲೀಕರ ಖಾತೆ ಇಲ್ಲದೆ ತೆರೆಯದ ಆಕ್ಟಿವೇಷನ್ ಲಾಕ್ ನಿಮ್ಮ ಪಾಲಿಗೆ. ಬ್ರೌಸರ್ ಬಿಟ್ಟು ಬೇರೇನೂ ಬೇಡದ ಹಿರಿಯರಿಗೆ ಹಳೆ ಯಂತ್ರದಲ್ಲೇ ಗೂಗಲ್‌ನ ಕ್ರೋಮ್‌ಓಎಸ್ ಫ್ಲೆಕ್ಸ್ ಹಾಕಬಹುದು, 4 ಜಿಬಿ ರ್‍ಯಾಮ್, 16 ಜಿಬಿ ಜಾಗ ಸಾಕು. ಅದರಲ್ಲಿ ಪ್ಲೇ ಸ್ಟೋರಿನ ಆ್ಯಪ್ ಬರುವುದಿಲ್ಲ ಎಂದು ಮೊದಲೇ ಹೇಳಿಬಿಡಿ.

ಎಸ್‌ಎಸ್‌ಡಿ ಹಾಕಿಸಿದಾಗ ಹೊರಬರುವ ಹಳೆ ಹಾರ್ಡ್‌ಡಿಸ್ಕನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ, ಅದರೊಳಗೆ ನಿಮ್ಮ ಆಧಾರ್ ಪ್ರತಿಯಿಂದ ಬ್ಯಾಂಕ್ ಪಾಸ್‌ಬುಕ್‌ವರೆಗೆ ಎಲ್ಲ ಇರುತ್ತದೆ. ಎರಡೂವರೆ ಇಂಚಿನದಾದರೆ ಸಣ್ಣ ಯುಎಸ್‌ಬಿ ಕೇಸಿನಲ್ಲಿ ಕೂರಿಸಿ ಮನೆಯಲ್ಲಿಡಿ. ವ್ಯಾಪಾರದ ಯಂತ್ರದ್ದಾದರೆ ಹೊಸದರಲ್ಲಿ ಒಂದು ಜಿಎಸ್‌ಟಿ ರಿಟರ್ನ್ ಪೂರ್ತಿ ಸಲ್ಲಿಕೆಯಾಗುವವರೆಗೆ ಅದನ್ನು ಅಳಿಸಬೇಡಿ.